ಟೇಪಕ್ಕನ ಮೂರು ಇಂಚು

ಬೆಳಗ್ಗೆ ಆರೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಟೇಪಕ್ಕ ಚಪ್ಪಲಿ ಹೊರಗೆ ಬಿಟ್ಟು, ನಿದ್ದೆಗಣ್ಣಿನ ಮನೆಮಂದಿಯನ್ನು ದಾಟಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಮಂಡಿಯೂರುತ್ತಾರೆ. ಟೇಪು ಸರ್ರನೆ ಓಡುತ್ತದೆ. "ಎಂಟಡಿ ಎರಡಿಂಚು. ನೀವೇ ಬರ್ಕೊಳ್ಳಿ, ನನ್ನೊಬ್ಬಳ ಲೆಕ್ಕ ನಂಬ್ಬೇಡಿ," ಎನ್ನುತ್ತಾರೆ. ಮನೆಯ ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬರೆದುಕೊಳ್ಳುತ್ತಾರೆ.

ಈಕೆ ನಗರದ ತೆರಿಗೆ ಕಚೇರಿಯಲ್ಲಿ ಮನೆ ಅಳೆಯುವವರು. ವಯಸ್ಸು ಐವತ್ತನಾಲ್ಕು, ಹದಿನಾರು ವರ್ಷದಿಂದ ಗುತ್ತಿಗೆ ನೌಕರಿ. ದಿನಕ್ಕೆ ಹದಿನಾಲ್ಕು ಮನೆ, ಲಿಫ್ಟ್ ಇಲ್ಲದ ಕಡೆ ಮೆಟ್ಟಿಲು. ಮಂಡಿ ಎರಡೂ ಸವೆದಿವೆ. ಕಚೇರಿಯಲ್ಲಿ ಇವರಿಗೊಂದು ಕುರ್ಚಿಯಿಲ್ಲ. "ಕೂತ್ರೆ ಏಳಲ್ಲ ಅಂತ ಗೊತ್ತಾಗಿರ್ಬೇಕು ಅವ್ರಿಗೆ," ಎಂದು ನಗುತ್ತಾರೆ.

ಹೊಸ ವರ್ಷದಿಂದ ತೆರಿಗೆ ಬದಲಾಗಿದೆ. ದುಡ್ಡು ಹಾಕಿ ಕೊಂಡು ಬೀಗ ಜಡಿದಿಟ್ಟ ಫ್ಲ್ಯಾಟಿಗೆ ಎರಡರಷ್ಟು. ಮಾಲೀಕರೇ ವಾಸವಿರುವ, ಆರುನೂರು ಚದರಡಿಯೊಳಗಿನ ಮನೆಗೆ ಅರ್ಧ. ಮೊದಲು ಮನೆಗಿಷ್ಟೆಂದು ಒಂದೇ ದರವಿದ್ದುದರಿಂದ ಅಳತೆಯ ಹಾಳೆಗಳು ಕಡತದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದವು. ಈಗ ಒಂದೊಂದು ಅಡಿಗೂ ಬೆಲೆ ಬಂದಿದೆ.

ನಮ್ಮ ಬೀದಿಯ ನಿವೃತ್ತ ದಾದಿಯ ಮನೆ ಕಡತದಲ್ಲಿ ಆರುನೂರ ಹನ್ನೆರಡು. ಪೂರ್ತಿ ತೆರಿಗೆ ಕಟ್ಟಬೇಕಾದರೆ ಅವರು ಮುಂದಿನ ಕೋಣೆ ಬಾಡಿಗೆಗೆ ಕೊಡಬೇಕು. ಲಕ್ವ ಹೊಡೆದ ತಮ್ಮ ಮಲಗಿರುವುದು ಅಲ್ಲೇ, ಕಿಟಕಿಯ ಪಕ್ಕ. ಅವರಿಗಿರುವ ಪ್ರಪಂಚ ಆ ಕಿಟಕಿಯೊಂದೇ. "ಇನ್ನೊಂದ್ಸಲ ಅಳೆದು ನೋಡಮ್ಮ," ಎಂದು ದಾದಿಯಮ್ಮ ಗೋಗರೆದರು.

ಟೇಪಕ್ಕ ಅಳೆದರು. ಪ್ರತಿ ಗೋಡೆಯೂ ಸರಿಯಾಗಿ ಮೂರಿಂಚು ಕಮ್ಮಿ. ಹಳೆಯ ಹಾಳೆ ತಿರುವಿದರೆ ಅಡಿಯಲ್ಲಿ ಅವರದೇ ಸಹಿ, ಹನ್ನೊಂದು ವರ್ಷದ ಹಿಂದಿನದು.

"ಆ ವರ್ಷ ನನ್ ಟೇಪಿನ ತುದಿ ಮುರಿದು ಮೂರಿಂಚು ಹೋಗಿತ್ತು. ಮೂರರ ಗೆರೆನ ಗೋಡೆಗೆ ಹಿಡಿದು ಅಳೀತಿದ್ದೆ, ಕೊನೇಲಿ ಮೂರು ಕಳೀತಿದ್ದೆ. ಆ ವಾರ ಮಗಳು ಹೆರಿಗೆಗೆ ಆಸ್ಪತ್ರೇಲಿದ್ಲು. ಕೈ ಇಲ್ಲಿ, ಮನಸ್ಸು ಅಲ್ಲಿ. ಇಡೀ ಬೀದೀಲಿ ಕಳೆಯೋದೇ ಮರ್ತಿದ್ದೆ."

ದಾದಿಯಮ್ಮನ ಮನೆ ಐನೂರ ಎಂಬತ್ತಮೂರು ಚದರಡಿ. ಆ ಒಂದು ಹಾಳೆಯನ್ನು ತಿದ್ದಿ ಸುಮ್ಮನಿರಬಹುದಿತ್ತು. ಟೇಪಕ್ಕ ಬೀದಿಯ ನಲವತ್ತೆರಡೂ ಮನೆಯ ಅಳತೆ ತಪ್ಪೆಂದು ಬರೆದು ಮೇಲಧಿಕಾರಿಯ ಮೇಜಿನ ಮೇಲಿಟ್ಟರು. ನಿನ್ನನ್ನು ಯಾರು ಕೇಳಿದರು ಎಂದು ಅವರು ಗದರಿದರಂತೆ. "ಯಾರೂ ಕೇಳಿಲ್ಲ ಸಾರ್. ಅದಕ್ಕೇ ನಾನೇ ಬಂದೆ."

ಬೇಕಾದರೆ ಅಳೆದುಕೋ, ಆದರೆ ಕೆಲಸದ ಹೊತ್ತಿನಲ್ಲಲ್ಲ ಎಂಬ ಅಪ್ಪಣೆಯಾಯಿತು. ಹಾಗಾಗಿ ಈ ಬೆಳಗಿನ ಓಡಾಟ, ಸಂಬಳವಿಲ್ಲದ್ದು. ಇದೇ ತಿಂಗಳು ಗುತ್ತಿಗೆ ಮುಗಿಯುತ್ತದೆ. ಮುಂದುವರಿಸುವ ಕಾಗದ ಇನ್ನೂ ಕೈಗೆ ಬಂದಿಲ್ಲ. ಅದನ್ನು ಕೇಳಿದರೆ ಟೇಪಕ್ಕ ಮಾತು ಬದಲಿಸುತ್ತಾರೆ.

ಈವರೆಗೆ ಹತ್ತೊಂಬತ್ತು ಮನೆಗಳಿಗೆ ಅರ್ಧ ತೆರಿಗೆ ಸಿಕ್ಕಿದೆ. ದಾದಿಯಮ್ಮನ ತಮ್ಮ ಕಿಟಕಿಯ ಪಕ್ಕದಲ್ಲೇ ಇದ್ದಾರೆ, ಟೇಪಕ್ಕ ಹಾದುಹೋದರೆ ಆಡುವ ಒಂದು ಕೈ ಎತ್ತುತ್ತಾರೆ. ಹೇಳಿಬಿಡುತ್ತೇನೆ, ನಾವು ಇಡೀ ಬೀದಿಯವರು ಈ ಹೆಂಗಸಿಗೆ ಋಣಿಗಳು.

ಕೊನೆಯ ಮನೆ ನನ್ನದು. ಕಡತದಲ್ಲಿದ್ದ ಆರುನೂರ ನಲವತ್ತು ಇಳಿದಿಳಿದು ಆರುನೂರ ಒಂಬತ್ತಕ್ಕೆ ಬಂದು ನಿಂತಿತು. "ಅಕ್ಕ, ಆ ಒಂಬತ್ತಡಿ ಕಣ್ಣಿಗೆ ಬೀಳಲಿಲ್ಲ ಅಂದ್ಕೊಳ್ಳಿ," ಎಂದು ತಮಾಷೆಗೆಂಬಂತೆ ಕೇಳಿದೆ. ಪೂರ್ತಿ ತಮಾಷೆಯೇನೂ ಆಗಿರಲಿಲ್ಲ.

ಟೇಪಕ್ಕ ಟೇಪು ಸುತ್ತಿಕೊಂಡರು.

"ನಿಮಗೆ ಒಂಬತ್ತಡಿ ಬಿಟ್ರೆ, ದಾದಿಯಮ್ಮಂಗೂ ನಾನೇ ಬಿಟ್ಕೊಟ್ಟೆ ಅಂತ ಜನ ಅಂತಾರೆ. ನಾನೇನೂ ಬಿಟ್ಕೊಟ್ಟಿಲ್ಲ. ಅದು ಅವರದೇ ಆಗಿತ್ತು."