ಹನ್ನೆರಡು ಗೋಡೆಗಳಲ್ಲಿ ಉರುಕುಂದಮ್ಮನ ಕಣ್ಣು

ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಕೂತು ಹೇಳುತ್ತಿದ್ದೇನೆ, ನಡುವೆ ಹಾರ್ನ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಎದುರಿಗೇ ಅಂಜಯ್ಯನ ಫ್ಲೆಕ್ಸ್ ಅಂಗಡಿ. ನನ್ನ ಚಿಕ್ಕಪ್ಪನ ಮಗಳು ಹರಿತಾ ಕೆಲಸ ಶುರು ಮಾಡಿದ್ದು ಅಲ್ಲೇ.

ಹರಿತಾ ಇಟಿಕ್ಯಾಲದ ಕುರುಬರ ಮನೆಯ ಹುಡುಗಿ. ತಾಯಿ ಇಲ್ಲದ ಅವಳನ್ನು ಸಾಕಿದವಳು ಅಜ್ಜಿ ಉರುಕುಂದಮ್ಮ. ಗುರುತಿಗೆಂದು ಎಲ್ಲರೂ ಕುರಿಯ ಬೆನ್ನಿಗೆ ಕೆಂಪು ಬಣ್ಣದ ಒಂದು ಗೆರೆ ಎಳೆದರೆ, ಇವಳು ಎಂಟನೇ ವಯಸ್ಸಿಗೇ ನವಿಲು ಬರೆದಿದ್ದಳು. ಸಂತೆಯಲ್ಲಿ ಜನ ಕುರಿ ಬಿಟ್ಟು ನವಿಲನ್ನು ವಿಚಾರಿಸಿದರಂತೆ. ಹೈದರಾಬಾದಿನಲ್ಲಿ ನಾಲ್ಕು ವರ್ಷ ಡಿಸೈನ್ ಓದಿ ಅವಳು ವಾಪಸ್ಸು ಬಂದದ್ದು ಗದ್ವಾಲ ಹೊಸ ಜಿಲ್ಲೆಯಾದ ವರ್ಷ. ತೆಲಂಗಾಣ ಹುಟ್ಟಿ ಎರಡು ವರ್ಷವಾಗಿತ್ತು, ಊರ ತುಂಬ ಬ್ಯಾನರೇ ಬ್ಯಾನರು. ಅಂಜಯ್ಯ ಅವಳ ಪದವಿಯ ಕಾಗದವನ್ನು ಮುಟ್ಟಿಯೂ ನೋಡಲಿಲ್ಲ. ತೆಲುಗಿನಲ್ಲಿ ಮಗಳೇ ಎಂದು ಕರೆದು ಒಂದೇ ಮಾತು ಕೇಳಿದ.

“ಸತ್ತೋರ ಕಣ್ಣು ತೆರೆಯಾಕ ಬರ್ತೈತೇನು, ಬಿಡ್ಡಾ?”

ಕುರಿಯ ಹಿಂದೆ ಅಲೆಯುವ ನಮ್ಮ ಹಿರಿಯರು ಬದುಕಿರುವಾಗ ಫೋಟೋ ತೆಗೆಸಿಕೊಳ್ಳುವುದು ಅಪರೂಪ. ಜೀವ ಹೋದ ಮೇಲೆ ಗಲ್ಲಕ್ಕೆ ಬಟ್ಟೆ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ, ಯಾರಾದರೂ ಮೊಬೈಲಿನಲ್ಲಿ ತೆಗೆಯುತ್ತಾರೆ. ಆದರೆ ಗೋಡೆಗೆ ಹಾಕುವ ಫೋಟೋದಲ್ಲಿ ಕಣ್ಣು ಮುಚ್ಚಿರಬಾರದು. ಬಟ್ಟೆ ಅಳಿಸಬೇಕು, ಕಣ್ಣು ತೆರೆಸಬೇಕು.

ಹರಿತಾ ಕಾಲೇಜಿನಲ್ಲಿದ್ದಾಗ ಒಳ್ಳೆಯ ಕ್ಯಾಮೆರಾದಲ್ಲಿ ಅಜ್ಜಿಯ ಮುಖ ತೆಗೆದಿದ್ದಳು. ಮುಪ್ಪಿನ ಕಣ್ಣು, ಆದರೆ ಚೂಪು. ಮೂರು ಹೊಲದಾಚೆಯ ತೋಳವನ್ನೂ ಗುರುತಿಸುವಂಥದ್ದು. ಮೊದಲ ಗಿರಾಕಿ ಬಂದಾಗ ಆ ಕಣ್ಣುಗಳನ್ನೇ ಕತ್ತರಿಸಿ ಕೂರಿಸಿದಳು. ಚೆನ್ನಾಗಿ ಹೊಂದಿತು. ಎರಡನೆಯವರಿಗೂ ಹೊಂದಿತು. ಆಮೇಲೆ ಯೋಚಿಸಲೇ ಇಲ್ಲ, ಕಂಪ್ಯೂಟರಿನಲ್ಲಿ ‘ಕಣ್ಣು’ ಅಂತ ಒಂದು ಫೈಲು ಮಾಡಿಟ್ಟುಕೊಂಡಳು. ಎಲ್ಲಿ ಕೂತರೂ ಅವ್ವ ನಮ್ಮನ್ನೇ ನೋಡುತ್ತಾಳೆ ಎಂದು ಜನ ಹೊಗಳಿದರು. ಮಕ್ತಲ್, ನಾರಾಯಣಪೇಟೆಯಿಂದಲೂ ಹುಡುಕಿಕೊಂಡು ಬಂದರು. ಒಂದು ವರ್ಷದಲ್ಲಿ ಹನ್ನೆರಡು ಫೋಟೋ, ಹನ್ನೆರಡು ಗೋಡೆ.

ಅದೇ ವರ್ಷ ಉರುಕುಂದಮ್ಮ ಕೈಯಳತೆಯ ಉಪ್ಪಿನ ಡಬ್ಬಿಗೆ ತಡಕಾಡತೊಡಗಿದಳು. ಕುರಿಗಳನ್ನು ಸದ್ದಿನಿಂದ ಎಣಿಸತೊಡಗಿದಳು. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ, ಪೊರೆಯಿಲ್ಲ, ನರ ಸರಿಯಿದೆ, ಈ ಕಣ್ಣು ಕಾಣಲೇಬೇಕು ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜಿ, ತನಗೆ ಕಾಣುವುದೇನೋ ಕಾಣುತ್ತದೆ, ಆದರೆ ಇಲ್ಲಿಯದಲ್ಲ ಎಂದಳು.

“ಹಸುರು ಗೋಡಿ. ಹೊಲಿಯೋ ಮಿಷನ್ ಮ್ಯಾಲ ಬೆಕ್ಕು ಮಲಗೈತಿ. ಯಾವಾಕಿನೋ ಒಬ್ಬಾಕಿ ಮೂಲ್ಯಾಗ ಕುಂತು ಅಳತಾಳ. ಯಾರ ಮನಿಯವ್ವಾ ಅದು?”

ಹರಿತಾ ಮುಪ್ಪು ಅಂದುಕೊಂಡಳು. ನಾನೂ ಹಾಗೇ ಅಂದಿದ್ದೆ.

ಹತ್ತು ದಿನ ಬಿಟ್ಟು ಗದ್ವಾಲದಲ್ಲೇ ಕಿಷ್ಟಮ್ಮ ಎಂಬ ಗಿರಾಕಿಯ ಮನೆಗೆ, ಸಡಿಲಾದ ಫ್ರೇಮು ಸರಿಮಾಡಲು ಹೋದಳು. ನಡುಮಧ್ಯಾಹ್ನ. ಬಾಗಿಲಲ್ಲೇ ನಿಂತುಬಿಟ್ಟಳು. ಹಸಿರು ಗೋಡೆ. ಹೊಲಿಗೆ ಯಂತ್ರ. ಅದರ ಮೇಲೆ ಬೆಕ್ಕು. ಎದುರಿಗೆ ಕಿಷ್ಟಮ್ಮನ ಅತ್ತೆಯ ಹಾರ ಹಾಕಿದ ಫೋಟೋ, ಅದರಲ್ಲಿ ಆ ಕಣ್ಣುಗಳು. ಹರಿತಾಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಇಟಿಕ್ಯಾಲದಿಂದ ಅಜ್ಜಿ.

“ಬಾಗಿಲ್ದಾಗ ಯಾಕ ನಿಂತೀ? ಚಪ್ಪಲಿ ಬಿಟ್ಟು ಒಳಗ ಬಾ.”

ಹರಿತಾ ಅವತ್ತೇ ಆ ಫೈಲನ್ನು ಅಳಿಸಿದಳು. ಅದರಿಂದೇನೂ ಆಗಲಿಲ್ಲ, ಅಜ್ಜಿಗೆ ಉಪ್ಪಿನ ಡಬ್ಬಿ ಕಾಣಲಿಲ್ಲ. ಗೋಡೆಗಳಿಂದಲೇ ಕಣ್ಣುಗಳನ್ನು ವಾಪಸ್ಸು ತರಬೇಕಿತ್ತು. ಅಂಜಯ್ಯ, ಹೆಸರು ಬಂದದ್ದೇ ಆ ಕಣ್ಣಿನಿಂದ, ತಲೆ ಕೆಟ್ಟಿದೆಯಾ ಎಂದು ಕೂಗಾಡಿದ. ಹೋದರೆ ಹೋಗಲಿ ಎಂದು ಅವಳು ಅಂಗಡಿ ಬಿಟ್ಟಳು.

ಆದರೆ ಬದಲಿಗೆ ಯಾರ ಕಣ್ಣು ಹಾಕುವುದು? ಬದುಕಿರುವವರದು ಆಗದು. ಕಿಷ್ಟಮ್ಮನ ಮನೆಯಲ್ಲಿ ನೆಲದ ಮೇಲೆ ಕೂತು, ನಿಮ್ಮ ಅತ್ತೆ ಹೇಗೆ ನೋಡುತ್ತಿದ್ದಳು ಎಂದು ಕೇಳಿದಳು. ಎಡ ರೆಪ್ಪೆ ಸ್ವಲ್ಪ ಜೋಲು, ಬೈಯುವಾಗ ಒಂದು ಕಣ್ಣು ಕಿರಿದು, ಬೈದು ಮುಗಿದ ಮೇಲೂ ಕಿರಿದೇ ಎಂದಳು ಕಿಷ್ಟಮ್ಮ. ಹರಿತಾ ಪೆನ್ಸಿಲಿನಲ್ಲಿ ಬರೆದಳು, ಅಳಿಸಿದಳು, ಬರೆದಳು. ಸಂಜೆಗೆ ಕಿಷ್ಟಮ್ಮ ಕಾಗದ ನೋಡಿ ಸೆರಗು ಸರಿಮಾಡಿಕೊಂಡಳು.

“ಈಗ ನಮ್ಮತ್ತಿ ಬಂದ್ಲು ನೋಡ್ರಿ. ಇಷ್ಟ್ ದಿನ ಯಾರೋ ಬ್ಯಾರೇದಾಕಿ ನೋಡಾಕತ್ತಿದ್ಲು.”

ಹೊಸ ಫೋಟೋ ಗೋಡೆಗೇರಿದ ಮರುದಿನ ಅಜ್ಜಿಗೆ ಹಟ್ಟಿಯ ಬಿಳಿ ಕುರಿ ಮಸುಕಾಗಿ ಕಂಡಿತು. ವಡ್ಡೆಪಲ್ಲಿಯ ಗಿರಾಕಿಯ ಮನೆಯಲ್ಲೂ ಫೋಟೋ ಬದಲಾದ ಮೇಲೆ ಕರಿ ಕುರಿಯೂ ಕಂಡಿತು. ಹೀಗೆ ಆರು ತಿಂಗಳು, ಹನ್ನೊಂದು ಮನೆ. ಕೇಳಿ ಕೇಳಿ ಕಣ್ಣು ಬರೆಯುವವಳು ಎಂದು ಹರಿತಾಳ ಹೆಸರು ಹಬ್ಬಿತು. ಇವತ್ತು ಮಕ್ತಲ್‌ನಲ್ಲಿ ಅವಳದೇ ಅಂಗಡಿಯಿದೆ. ನಾರಾಯಣಪೇಟೆಯ ನೇಕಾರರು ಸೀರೆಯ ಅಂಚಿಗೂ ಅವಳಿಂದ ಬರೆಸುತ್ತಾರೆ. ಬಂದವರನ್ನು ಮೊದಲು ಕೂರಿಸಿ ಕೇಳುತ್ತಾಳೆ, ಆಮೇಲೇ ಪೆನ್ಸಿಲು.

ಹನ್ನೆರಡನೆಯದು ರಾಜೋಳಿಯ ಮಾರೆಪ್ಪನ ತಾಯಿಯ ಫೋಟೋ. ಮನೆಗೆ ಬೀಗ. ಮಾರೆಪ್ಪ ಕಟ್ಟಡದ ಕೆಲಸಕ್ಕೆಂದು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆ ಫೋಟೋ ಸಮೇತ ಮುಂಬಯಿಗೆ ಹೋಗಿದ್ದ. ನಂಬರು ಸಿಕ್ಕಿತು. ತಾನೇ ಬಂದು ಬದಲಾಯಿಸುತ್ತೇನೆಂದು ಹರಿತಾ ರೈಲಿನ ಟಿಕೆಟ್ಟನ್ನೂ ತೆಗೆಸಿದಳು. ಹೊರಡುವ ಮುಂಜಾನೆ ಅಜ್ಜಿ ಅವಳ ಚೀಲ ಹಿಡಿದುಕೊಂಡಳು. ಆಗ ಅವಳ ಬಲಗಣ್ಣಿಗೆ ಪೂರ್ತಿ ಬೆಳಕು ಬಂದಿತ್ತು, ಎಡಗಣ್ಣು ಮಾತ್ರ ಬಾಕಿ.

“ಅದೊಂದು ಇರ್ಲಿ ಬಿಡವ್ವಾ. ತಂದಿ ತಾಯಿ ಇಬ್ರೂ ಮ್ಯಾಲ ಸ್ಲ್ಯಾಬಿಗೆ ಹೋಗ್ತಾರ. ತಗಡಿನ ಶೆಡ್ಡಿನಾಗ ಆ ಕೂಸುಗಳು ಎರಡೇ ಇರ್ತಾವ. ನೋಡಾಕ ಯಾರರ ಬೇಕಲ್ಲ. ಮದ್ಲ ಆ ನೀರಿನ ಡ್ರಮ್ಮಿಗೆ ಮುಚ್ಚಳ ಹಾಕು ಅಂತ ಹೇಳು ಅವ್ನಿಗೆ.”

ಹರಿತಾ ಫೋನು ಮಾಡಿ ಹೇಳಿದಳು. ಮಾರೆಪ್ಪ, ಡ್ರಮ್ಮು ತಂದಿದ್ದೇ ನಿನ್ನೆ, ನಿಮಗೆ ಯಾರು ಹೇಳಿದರು ಎಂದು ಕೇಳಿದ.

ಅವಳು ರೈಲು ಹತ್ತಲಿಲ್ಲ. ಹೋದ ವಾರ ನಾನು ಇಟಿಕ್ಯಾಲಕ್ಕೆ ಹೋಗಿದ್ದಾಗ ಅಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದೊಂದೇ ಕಲ್ಲನ್ನು ಸರಿಯಾಗಿ ಆರಿಸಿ ಎಸೆಯುತ್ತಿದ್ದಳು. ಇದ್ದಕ್ಕಿದ್ದಂತೆ ಮೊರ ಕೆಳಗಿಟ್ಟು, ಯಾರೂ ಇಲ್ಲದ ಅಂಗಳದ ಕಡೆ ಬೆರಳು ತೋರಿಸಿ, ಮೆಲ್ಲಗೆ ಗದರಿದಳು.

“ಏ ಸಣ್ಣಾಕೀ, ಡ್ರಮ್ಮಿನ ಮ್ಯಾಲಿಂದ ಕೆಳಗ ಇಳಿ.”

ಸ್ವಲ್ಪ ಹೊತ್ತು ಕಾದಳು. ಇಳಿದಿರಬೇಕು. ಮತ್ತೆ ಮೊರ ಎತ್ತಿಕೊಂಡಳು.