ಸುಮಾಳ ಆರು ಹಲ್ಲು

ಸುಮಾ, ನಿನ್ನ ಮುಂದಿನ ಆರು ಹಲ್ಲುಗಳನ್ನು ಹಾಳು ಮಾಡಿದವಳು ನಾನು. ಆ ಹಲ್ಲಿನ ಡಾಕ್ಟರದು ತಪ್ಪಿಲ್ಲ, ನಿನ್ನ ಇಂಗ್ಲಿಷಿನದೂ ತಪ್ಪಿಲ್ಲ. ಅವರು ಹೇಳಿದ್ದನ್ನು ನಿನಗೆ ಕನ್ನಡದಲ್ಲಿ ತಿಳಿಸಲೆಂದು ಪಕ್ಕದಲ್ಲಿ ಕೂತಿದ್ದ ನಾನು — ನಿನ್ನ ಗಂಡನ ಅಕ್ಕ — ಮುಖ್ಯವಾದ ಮಾತನ್ನೇ ನುಂಗಿ, ಅದರ ಜಾಗದಲ್ಲಿ ಸುಳ್ಳು ಹೇಳಿದೆ. ಹನ್ನೆರಡು ವರ್ಷ ಆಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ನಾನು ಎಂಥವಳಿರಬೇಕು!

ಆಗ ನೀನು ಗದಗಿನಿಂದ ಅಮೆರಿಕದ ಈ ಯೂನಿಯನ್ ಸಿಟಿಗೆ ಬಂದು ಒಂದು ವರ್ಷವಾಗಿತ್ತು. ನಿನ್ನ ಮಗಳು ಅನ್ವಿ ಆರು ವರ್ಷದವಳು. ನಿನ್ನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿದ್ದವು. ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಒಸಡಿನಿಂದ ರಕ್ತ ಬರುತ್ತಿತ್ತು. ಹೈಸ್ಕೂಲಿನಿಂದಲೂ ನಿನಗೆ ಕ್ಲಿಪ್ ಹಾಕಿಸಿಕೊಳ್ಳುವ ಆಸೆ. “ಕ್ಲಿಪ್ ಹಾಕ್ಕೊಂಡ ಹುಡುಗಿನ್ನ ಯಾರ ನೋಡಾಕ ಬರ್ತಾರ” ಅಂತ ನಿಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ. “ಈಗರೆ ಹಾಕಿಸ್ಕೋತೀನ್ರಿ ಅಕ್ಕಾ, ನೀವ ಕರಕೊಂಡು ಹೋಗ್ರಿ” ಎಂದು ನನ್ನ ಬೆನ್ನು ಹತ್ತಿದ್ದೆ. ನನ್ನನ್ನು ನಂಬಿಕೊಂಡು ಬಂದಿದ್ದೆ.

ಅದೇ ಹೊತ್ತಿಗೆ ನನ್ನ ಮಗಳಿಗೆ ಸಂಬಂಧ ಕುದುರಿತ್ತು. ಲಾಸ್ ಗ್ಯಾಟೋಸ್‌ನಿಂದ ಬೀಗರಾಗುವವರು ಮನೆಗೆ ಬಂದ ದಿನ ನೀನು ಯಾವುದೋ ಮಾತಿಗೆ ಬಾಯಿ ತುಂಬ ನಕ್ಕೆ. ಹುಡುಗನ ತಾಯಿ ನಿನ್ನ ಬಾಯಿಯನ್ನೊಮ್ಮೆ ನೋಡಿ ಕಾಫಿ ಕಪ್ಪಿನ ಕಡೆ ಕಣ್ಣು ತಿರುಗಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೋ — ಏನೂ ಇರಲಿಲ್ಲವೋ ಏನೋ. ನನಗೆ ಮಾತ್ರ ಮೈ ಉರಿದುಹೋಯಿತು. ಎಂಗೇಜ್‌ಮೆಂಟಿಗೆ ಎರಡೇ ತಿಂಗಳಿತ್ತು. ಪ್ರತಿ ಫೋಟೋದಲ್ಲೂ ನೀನು ಆರತಿ ತಟ್ಟೆ ಹಿಡಿದು ನಿಲ್ಲುವವಳು. ನಿನ್ನ ಹಲ್ಲು ಕಂಡು ನನಗೆ ನಾಚಿಕೆಯಾಗಿತ್ತು, ಸುಮಾ. ಈಗ ಆ ನಾಚಿಕೆ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆ ವಾರವೇ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾಸ್ಕ್ ಹಾಕಿಕೊಂಡೇ ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡಿದರು. ನಿನಗೆ ಅರ್ಧವೂ ತಿಳಿಯಲಿಲ್ಲ. ನನಗೆ ಎಲ್ಲವೂ ತಿಳಿಯಿತು. ಕ್ಲಿಪ್ ಆದರೆ ಒಂದೂವರೆ ವರ್ಷ ಬೇಕು, ಆದರೆ ನಿನ್ನ ಹಲ್ಲು ನಿನಗೇ ಉಳಿಯುತ್ತದೆ. ವೆನೀರ್ ಆದರೆ ಎರಡೇ ಸಲ ಬಂದರೆ ಸಾಕು. ಪಿಂಗಾಣಿಯ ತೆಳು ಪೊರೆ ಅಂಟಿಸುತ್ತಾರೆ. ಆದರೆ ಅದಕ್ಕೆ ಮೊದಲು ಹಲ್ಲನ್ನು ಸವೆಸಿ ಸಣ್ಣ ಮಾಡಬೇಕು, ಸೊಟ್ಟ ಇರುವುದರಿಂದ ಜಾಸ್ತಿಯೇ ಸವೆಸಬೇಕು. ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಪೊರೆಯನ್ನು ಜೀವನವಿಡೀ ಬದಲಾಯಿಸುತ್ತಲೇ ಇರಬೇಕು. ಇವರಿಗೆ ಕ್ಲಿಪ್ಪೇ ಒಳ್ಳೆಯದು ಎಂದವರು, ಇದನ್ನೆಲ್ಲ ಸರಿಯಾಗಿ ತಿಳಿಸಿ ಹೇಳಿ ಎಂದು ನನಗೆ ಎರಡು ಸಲ ಹೇಳಿದರು.

ನೀನು ನನ್ನ ಮುಖ ನೋಡಿದೆ. “ಏನಂತಾರ್ರಿ ಅಕ್ಕಾ? ನನ್ನ ಹಲ್ಲಿಗೇನೂ ಆಗೂದಿಲ್ಲಲ್ರಿ?”

“ಏನೂ ಆಗೂದಿಲ್ಲ ತಗೋ. ಮ್ಯಾಲೊಂದು ಪೊರಿ ಅಂಟಸ್ತಾರ. ಬ್ಯಾಡ ಅನಿಸಿದ್ರ ನಾಳೆ ತಗಸಬಹುದು. ಒಳಗ ನಿನ್ನ ಹಲ್ಲು ಹಂಗ ಇರ್ತಾವ.”

“ನೀವು ಅಂದ್ರ ಆತ್ರಿ.”

ಡಾಕ್ಟರ ಕಡೆ ತಿರುಗಿ, ಇವಳಿಗೆ ಎಲ್ಲ ಅರ್ಥವಾಗಿದೆ, ವೆನೀರೇ ಬೇಕಂತೆ ಎಂದೆ. ಕಾಗದದ ಮೇಲೆ ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದವಳೂ ನಾನೇ.

ಎಂಗೇಜ್‌ಮೆಂಟಿನಲ್ಲಿ ನೀನು ಚಂದ ಕಂಡೆ. ಎಲ್ಲರೂ ಹೊಗಳಿದರು. ನಾನು ಎಷ್ಟು ಬೀಗಿದ್ದೆನೆಂದರೆ — ಬೇಡ, ಅದನ್ನು ಬರೆಯಲಾರೆ.

ಮುಂದಿನ ವರ್ಷ ನಮ್ಮ ಅಡುಗೆಮನೆಯಲ್ಲಿ ಕಡಕ್ ರೊಟ್ಟಿ ಮುರಿದು ಬಾಯಿಗಿಟ್ಟಾಗ ಒಂದು ಪೊರೆ ಕಳಚಿ ನಿನ್ನ ಅಂಗೈಗೆ ಬಿತ್ತು. ನೀನು ಬಚ್ಚಲಿನ ಕನ್ನಡಿಯ ಮುಂದಕ್ಕೆ ಓಡಿದೆ. ನಾನು ಹಿಂದೆ ಬಂದೆ. ಪೊರೆ ಇದ್ದ ಜಾಗದಲ್ಲಿ ಉಳಿದದ್ದು ಹಳದಿ ಬಣ್ಣದ ಒಂದು ಮೋಟು.

“ಅಕ್ಕಾ, ಒಳಗ ನನ್ನ ಹಲ್ಲು ಹಂಗ ಇರ್ತಾವ ಅಂದಿದ್ರಲ್ರಿ. ಎಲ್ಲಿ ಹೋತ್ರಿ?”

ಆಗಲಾದರೂ ಹೇಳಬಹುದಿತ್ತು. ನೀನು ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಕೇಳುತ್ತಿದ್ದೆ ಅಷ್ಟೇ. ನಾನು ಗದರಿಸಿದೆ. “ಹಂಗ ಯಾರಂದ್ರು? ಹಲ್ಲು ಸವಸ್ತಾರ ಅಂತ ಡಾಕ್ಟರ್ ಹೇಳಿದ್ರು, ನಾನೂ ಹೇಳಿದ್ದೆ. ನಿನ್ನ ಲಕ್ಷ್ಯ ಎಲ್ಲಿತ್ತೋ ಏನೋ!”

ನೀನು ಅಂಗೈಯಲ್ಲಿದ್ದ ಪೊರೆಯನ್ನು ತಿರುಗಿಸಿ ನೋಡುತ್ತ ನೆನಪು ಮಾಡಿಕೊಂಡೆ. ಆಮೇಲೆ ನಿಧಾನಕ್ಕೆ, “ಹೌದೇನ್ರಿ... ನನಗ ತಿಳಿದಿರಲಿಕ್ಕಿಲ್ಲ” ಎಂದೆ. ಮೊದಲನೆಯ ಸುಳ್ಳು ನಿನ್ನ ಹಲ್ಲು ತಿಂದಿತು. ಎರಡನೆಯದರಿಂದ ನಿನಗೆ ನಿನ್ನ ಮೇಲಿದ್ದ ನಂಬಿಕೆಯೇ ಹೋಯಿತು, ಅದು ಇನ್ನೂ ದೊಡ್ಡ ಪಾಪ.

ಆಮೇಲೆ ಎರಡು ಹಲ್ಲಿಗೆ ರೂಟ್ ಕೆನಾಲ್ ಆಯಿತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆಂದು ಬೇಸಿಗೆಯಲ್ಲೂ ಬಿಸಿನೀರು ಕುಡಿಯುತ್ತೀ. ರೊಟ್ಟಿಯನ್ನು ಬೇಳೆ ಸಾರಿನಲ್ಲಿ ನೆನೆಸಿ ತಿನ್ನುತ್ತೀ. “ಇನ್ನ ಮ್ಯಾಲೆ ಹಿಂಗಾಗಬಾರದ್ರಿ” ಎಂದು ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಿದ್ದೆ. ತಮ್ಮನ ಹೆಂಡತಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಜನ ಹೊಗಳಿದರು. ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಇಟ್ಟುಕೊಂಡೆ.

ಹೋದ ಭಾನುವಾರ ಊಟಕ್ಕೆ ಕೂತಾಗ ಅನ್ವಿ ತನಗೂ ವೆನೀರ್ ಬೇಕು ಎಂದಳು. ಅವಳಿಗೂ ನಿನ್ನದೇ ಹಲ್ಲು. ಕಾಲೇಜಿಗೆ ಹೋಗುವ ಮೊದಲು ಆಗಬೇಕಂತೆ, ಒಂದೂವರೆ ವರ್ಷ ಯಾರು ಕಾಯುತ್ತಾರೆ ಅಂತೆ. ಬೇಡ ಎನ್ನಲು ನೀನು ಏನು ಹೇಳಿದೆ, ನೆನಪಿದೆಯೇ? “ಡಾಕ್ಟರ್ ಎಲ್ಲಾ ಹೇಳಿದ್ರು, ನಿಮ್ಮ ಅತ್ತಿನೂ ಬಿಡಿಸಿ ಹೇಳಿದ್ರು. ನನ್ನ ತಲಿಗೇ ಹೋಗಲಿಲ್ಲ. ನೀ ನನ್ನಂಗ ದಡ್ಡಿ ಆಗಬ್ಯಾಡ ಪುಟ್ಟಿ.”

ಅನ್ವಿ ನಕ್ಕಳು. “ಬಟ್ ಐ ನೋ ಇಂಗ್ಲಿಷ್, ಅಮ್ಮಾ.”

ಹೆತ್ತ ಮಗಳ ಮುಂದೆ ನಿನ್ನನ್ನು ನೀನೇ ದಡ್ಡಿ ಎಂದುಕೊಂಡೆ. ಆ ಹುಡುಗಿ ಅದನ್ನು ನಂಬಿದಳು. ನಾನು ಎದುರಿಗೇ ಕೂತು — ಸಾರು ಬಡಿಸಿಕೊಂಡೆ.

ಶನಿವಾರ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೀ, ನನ್ನನ್ನೂ ಕರೆದಿದ್ದೀ. ಅದಕ್ಕೆ ಮೊದಲು ಶುಕ್ರವಾರ ಸಂಜೆ ನಿಮ್ಮ ಮನೆಗೆ ಬರುತ್ತೇನೆ. ಈ ಪತ್ರದಲ್ಲಿರುವುದನ್ನು ನಿನ್ನ ಮುಂದೆ, ನನ್ನ ತಮ್ಮನ ಮುಂದೆ, ಅನ್ವಿಯ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಅನ್ವಿ, ನಿನ್ನಮ್ಮ ಅವತ್ತು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು, ನಾನು ಕೊಟ್ಟ ಉತ್ತರವನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು, ದಡ್ಡಿ ಅವಳಲ್ಲ ಎಂದು ಆ ಹುಡುಗಿಗೆ ಹೇಳುತ್ತೇನೆ.

ಅವಳು ಇನ್ನು ನನ್ನನ್ನು ಅತ್ತೆ ಎಂದು ಕರೆಯದಿದ್ದರೂ ಆಗಲಿ. ನಿನ್ನಲ್ಲಿ ಬೇಡುವುದು ಒಂದೇ. “ಇರಲಿ ಬಿಡ್ರಿ ಅಕ್ಕಾ” ಎಂದು ಮಾತ್ರ ಅನ್ನಬೇಡ, ಸುಮಾ. ಅಷ್ಟು ಸುಲಭಕ್ಕೆ ನನ್ನನ್ನು ಬಿಡಬೇಡ.