ಪೆಲ್ಲೆಗ್ರೀನ ಕೊಟ್ಟ ಹೆಸರು

ಫಾಯೆಂಜಾ ಊರಿನ ಕುಂಬಾರಗೇರಿಯಲ್ಲಿ ಪೆಲ್ಲೆಗ್ರೀನಳಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಗುಡುಗಿದರೆ ಮೇಜಿನಡಿ ಸೇರುವಳು, ಯಾರಾದರೂ ಬಾಗಿಲು ತಟ್ಟಿದರೆ ಗಂಡನನ್ನು ಮುಂದೆ ತಳ್ಳುವಳು. ಕೇರಿಯವರು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ. ಅವಳು ಹೊತ್ತದ್ದನ್ನು ಒಂದು ದಿನ ಹೊತ್ತಿದ್ದರೆ ಆ ನಕ್ಕವರ ಸೊಂಟ ಮುರಿಯುತ್ತಿತ್ತು.

ಅವಳ ಅಪ್ಪ ಸೆವೆರೊ ಅಚ್ಚಿನ ಹಾಳೆ ಮಾರುವವನು. ಸಂತರ ಚಿತ್ರ, ಪಂಚಾಂಗ, ಕುದುರೆ ಏರಿದ ವೀರರ ಲಾವಣಿ. ಚೌಕದಲ್ಲಿ ಬೆಂಚು ಹತ್ತಿ, ಹಾಳೆಯನ್ನು ಮೂಗಿನ ಮುಂದೆ ಹಿಡಿದು ಅವನು ಶುರುಮಾಡಿದರೆ ಮೀನು ಮಾರುವವರೂ ತಕ್ಕಡಿ ಬಿಟ್ಟು ನಿಲ್ಲುತ್ತಿದ್ದರು. ಓದು ಅಂದರೆ ಸೆವೆರೊನ ಓದು ಎಂದು ಊರೇ ಹೇಳುತ್ತಿತ್ತು. ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಊರಲ್ಲಿ ಅದು ಗೊತ್ತಿದ್ದದ್ದು ಹೆಂಡತಿ ನಸ್ತಾಸಿಯಳಿಗೆ ಮತ್ತು ಮಗಳಿಗೆ ಮಾತ್ರ. ಹೆಂಡತಿ ಬೇರೆ ಊರಿನ ಪರಿಚಯದವರಿಂದ ಓದಿಸಿ ಕೇಳಿಸುತ್ತಿದ್ದಳು. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಇಡೀ ಲಾವಣಿ ಅವನ ಬಾಯಲ್ಲಿ. ಒಂದು ಸಲ ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದ. ನಸ್ತಾಸಿಯ ಗುಂಪು ಸೀಳಿಕೊಂಡು ಹೋಗಿ, ಅವನ ಬೆವರು ಒರೆಸುವ ನೆಪದಲ್ಲಿ ಹಾಳೆ ತಿರುಗಿಸಿ ಬಂದಳು.

"ನಿಮ್ಮಪ್ಪನ ಹತ್ರ ಇರೋದು ಅದೊಂದೇ ಮರ್ಯಾದೆ ಕಣೇ," ಎಂದಿದ್ದಳು ಮಗಳಿಗೆ. "ಅದನ್ನ ಕಾಯೋದು ನಮ್ಮಿಬ್ಬರ ಕೆಲಸ."

ಸೆವೆರೊ ಜ್ವರದಲ್ಲಿ ಸತ್ತ. ಚರ್ಚಿನ ಗೋಡೆಯ ಪಕ್ಕ ಹೂಳಿದರು. ನಸ್ತಾಸಿಯ ಭಾನುವಾರ ತಪ್ಪದೆ ಆ ಮಣ್ಣಿನ ಬಳಿ ಕೂತು, ವಾರದ ಸುದ್ದಿಯೆಲ್ಲ ಗಂಡನಿಗೆ ಹೇಳಿ ಬರುತ್ತಿದ್ದಳು.

ಪೆಲ್ಲೆಗ್ರೀನಳ ಗಂಡ ಬಾಲ್ದೊಗೆ ಮಾತ್ರ ನಿಜವಾಗಿಯೂ ಓದು ಬರುತ್ತಿತ್ತು. ಅದೇ ಗ್ರಹಚಾರ. ತಟ್ಟೆಗಳ ಮೇಲೆ ನೀಲಿ ಹಕ್ಕಿ ಬರೆಯುವ ಕುಂಬಾರನಿಗೆ ಎಲ್ಲಿಂದಲೋ ದೇವರ ವಾಕ್ಯದ ಪುಸ್ತಕ ಸಿಕ್ಕಿತ್ತು. ಪಾದ್ರಿಗಳ ಲ್ಯಾಟಿನ್ ಅಲ್ಲ, ಬೀದಿಯ ಜನರ ಮಾತಿನದು. ಅಂಥದ್ದನ್ನು ಮನೆಯಲ್ಲಿಟ್ಟುಕೊಂಡವರನ್ನು ಧರ್ಮಭ್ರಷ್ಟರನ್ನು ಹುಡುಕಿ ಶಿಕ್ಷಿಸುವ ಸನ್ಯಾಸಿಗಳ ಮಠದ ವಿಚಾರಣೆಗೆ ಎಳೆದೊಯ್ಯುತ್ತಿದ್ದ ಕಾಲ ಅದು. ಹೋದವರಲ್ಲಿ ಕೆಲವರು ಬೂದಿಯಾದರು. ತಟ್ಟೆ ಸುಡುವ ಆವಿಗೆಗೆ ಬೆಂಕಿ ಹಾಕಿದ ದಿನ, ಉರಿಯ ಸದ್ದಿನಲ್ಲಿ ಮಾತು ಬೀದಿಗೆ ಕೇಳದು ಎಂಬ ಧೈರ್ಯದಲ್ಲಿ ಬಾಲ್ದೊ ಹೆಂಡತಿ ಮಗಳನ್ನು ಕೂರಿಸಿಕೊಂಡು ಓದುತ್ತಿದ್ದ.

"ಸಾಕು ನಿಲ್ಸು ಮಾರಾಯ. ಯಾರಾದ್ರೂ ಬಂದ್ರೆ?"

"ಬರ್ಲಿ. ದೇವರಿಗೆ ನಮ್ಮ ಮಾತೂ ಬರತ್ತೆ ಅಂತ ಹೇಳ್ತೀನಿ."

"ಹೇಳು. ಆಮೇಲೆ ನಿನ್ನ ಬೂದೀನ ನಾನು ಗುಡಿಸ್ತೀನಿ."

ಅವನು ನಗುತ್ತಿದ್ದ. ಅವಳ ಕಣ್ಣು ಬಾಗಿಲ ಮೇಲೆ. ಆದರೂ ಎದ್ದು ಹೋಗಲು ಮನಸ್ಸು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಪೂಜೆಯಲ್ಲಿ ಕೇಳಿದ್ದಕ್ಕೆ ಒಂದು ಅರ್ಥವಿದೆ ಎಂದು ಅವಳಿಗೆ ತಿಳಿದದ್ದೇ ಆ ಆವಿಗೆಯ ಪಕ್ಕ.

ಆ ವರ್ಷ ಮಗಳು ಜೆಮ್ಮ ಮೊದಲ ಸಲ ಪಾಪನಿವೇದನೆಗೆ ಹೋಗಬೇಕಾಗಿ ಬಂತು. ಈಸ್ಟರ್ ಹಬ್ಬಕ್ಕೆ ಮುಂಚೆ ಎಲ್ಲರೂ ಪಾದ್ರಿಯ ಮುಂದೆ ಮಂಡಿಯೂರಿ ಮಾಡಿದ್ದನ್ನೆಲ್ಲ ಹೇಳಲೇಬೇಕು. ಹೊಸ ಕಟ್ಟಳೆ ಬೇರೆ ಬಂದಿತ್ತು: ನಿಷೇಧದ ಪುಸ್ತಕ ಓದಿದವರನ್ನು ಬಲ್ಲವರು ಮಠಕ್ಕೆ ಹೋಗಿ ಹೆಸರು ಹೇಳುವ ತನಕ ಅವರಿಗೆ ಕ್ಷಮೆಯಿಲ್ಲ. ಕ್ಷಮೆಯಿಲ್ಲದವರಿಗೆ ಹಬ್ಬದ ಪ್ರಸಾದವಿಲ್ಲ. ಪ್ರಸಾದ ತೆಗೆದುಕೊಳ್ಳದವರ ಹೆಸರು ಚರ್ಚಿನ ಬಾಗಿಲ ಮೇಲೆ.

ಜೆಮ್ಮ ಬಾಯಲ್ಲಿ ಮಾತು ನಿಲ್ಲದ ಹುಡುಗಿ. "ಅಪ್ಪ ಓದೋದನ್ನೂ ಹೇಳ್ಬೇಕೇನಮ್ಮ?" ಎಂದು ಒಂದು ಬೆಳಿಗ್ಗೆ ಅವರೆಕಾಳು ಬಿಡಿಸುತ್ತ ಕೇಳಿದಳು. ಪೆಲ್ಲೆಗ್ರೀನ ಎದ್ದು ಬಾಗಿಲು ಮುಚ್ಚಿದಳು. ಸುಳ್ಳು ಹೇಳು ಅಂದರೆ ಮಗಳ ಆತ್ಮ ನರಕಕ್ಕೆ. ನಿಜ ಹೇಳು ಅಂದರೆ ಗಂಡ ಬೆಂಕಿಗೆ. ಮೂರು ಹೊತ್ತೂ ಅವಳಿಗೆ ಅದೇ ಯೋಚನೆ.

ಕೊನೆಗೆ ಬಾಲ್ದೊ ಮಣ್ಣು ತರಲು ಹೋದಾಗ ಪುಸ್ತಕವನ್ನು ಆವಿಗೆಯ ಉರಿಗೆ ಎಸೆದಳು. ಮಗಳಿಗಿಂತ ಮುಂಚೆ ತಾನೇ ಪಾದ್ರಿಯ ಬಳಿ ಹೋಗಿ ಮನೆಯಲ್ಲಿ ಅಂಥ ಪುಸ್ತಕವಿತ್ತು ಎಂದಳು, ಅವರು ಮಠಕ್ಕೆ ಕಳಿಸಿದರು. ಕರಿ ಮೇಲಂಗಿಯ ಸನ್ಯಾಸಿ ಬರೆಯುವ ಗರಿಯನ್ನು ಮಸಿಗೆ ಅದ್ದಿಕೊಂಡು ಕೇಳಿದರು. "ಓದ್ತಿದ್ದೋರು ಯಾರಮ್ಮ?"

"ನಮ್ಮಪ್ಪ, ಸ್ವಾಮಿ. ಸೆವೆರೊ. ಪುಸ್ತಕ ಅವರದೇ. ಅವರು ಹೋದ್ಮೇಲೆ ಮನೇಲೇ ಬಿದ್ದಿತ್ತು, ನಾನೇ ಸುಟ್ಟೆ."

ಸನ್ಯಾಸಿ ತಲೆದೂಗಿದರು. ಚೌಕದಲ್ಲಿ ಸೆವೆರೊನ ಓದು ಕೇಳದವರು ಊರಲ್ಲಿ ಯಾರಿದ್ದರು? ಸತ್ತವನನ್ನು ಯಾರು ಏನು ಮಾಡಿಯಾರು ಎಂದುಕೊಂಡು ಪೆಲ್ಲೆಗ್ರೀನ ಗೋಡೆ ಹಿಡಿದುಕೊಂಡು ಮನೆಗೆ ಬಂದಳು. "ಪುಸ್ತಕದ ವಿಷಯ ನಾನು ಎಲ್ಲಾ ಹೇಳಿ ಮುಗಿಸಿದೀನಿ, ನೀನು ನಿನ್ನ ಪಾಪ ಮಾತ್ರ ಹೇಳು," ಎಂದಳು ಮಗಳಿಗೆ. ಹುಡುಗಿ ಬೆಕ್ಕಿಗೆ ಒದ್ದದ್ದನ್ನು ಹೇಳಿ ಬಂದಳು. ಹಬ್ಬ ಕಳೆಯಿತು.

ಬೇಸಿಗೆಯಲ್ಲಿ ಪೂಜೆಯ ನಡುವೆ ಪಾದ್ರಿ ಮಠದ ತೀರ್ಪು ಸಾರಿದರು. ಧರ್ಮಭ್ರಷ್ಟ ಸೆವೆರೊನ ಎಲುಬುಗಳನ್ನು ಪವಿತ್ರ ನೆಲದಿಂದ ಅಗೆದು ಚೌಕದಲ್ಲಿ ಸುಡತಕ್ಕದ್ದು. ಸೌದೆ ಕುಂಬಾರರು ಕೊಡತಕ್ಕದ್ದು.

ಪೆಲ್ಲೆಗ್ರೀನ ಮನೆಗೆ ಬಂದು ಇನ್ನೂ ಕೂತಿಲ್ಲ, ನಸ್ತಾಸಿಯ ತಲೆವಸ್ತ್ರ ಬಿಗಿಯುತ್ತ ಅಂಗಳಕ್ಕೆ ಬಂದಳು.

"ಮಠಕ್ಕೆ ಹೋಗ್ತಿದೀನಿ ಕಣೇ, ನೀನೂ ಬಾ. ಅವರಿಗೆ ಅಕ್ಷರಾನೇ ಬರ್ತಿರ್ಲಿಲ್ಲ ಅಂತ ಹೇಳಿಬಿಡ್ತೀನಿ. ಮರ್ಯಾದೆ ಹೋದ್ರೆ ಹೋಗ್ಲಿ, ಎಲುಬಾದ್ರೂ ಉಳೀಲಿ. ಯಾವ ಹಾಳು ಬಾಯಿ ಹೇಳ್ತೋ, ಆ ಬಾಯಿಗೆ ಹುಳ ಬೀಳ."

ಒಳಗೆ ಬಾಲ್ದೊ ತಟ್ಟೆಗೆ ಹಕ್ಕಿ ಬರೆಯುತ್ತಿದ್ದ. ಸೆವೆರೊಗೆ ಓದು ಬಾರದು ಎಂದಾದರೆ ಆ ಮನೆಯಲ್ಲಿ ಓದಿದವನು ಯಾರೆಂದು ಸನ್ಯಾಸಿಗಳು ಹುಡುಕುವುದೇ ಬೇಡ. ಪೆಲ್ಲೆಗ್ರೀನ ಅವ್ವನ ಕಾಲು ಹಿಡಿದುಕೊಂಡಳು.

"ಆ ಬಾಯಿ ನಂದೇ ಅಮ್ಮ. ಓದ್ತಿದ್ದೋನು ಒಳಗಿದಾನೆ. ಸತ್ತೋರಿಗೆ ಏನೂ ಮಾಡಲ್ಲ ಅನ್ಕೊಂಡೆ."

ನಸ್ತಾಸಿಯ ಕಿಟಕಿಯಲ್ಲಿ ಅಳಿಯನನ್ನು ನೋಡಿದಳು, ತಟ್ಟೆಗೆ ಬಳಿಯುವ ಮೆರುಗಿನ ನೀರು ಕಲಕುತ್ತಿದ್ದ ಮೊಮ್ಮಗಳನ್ನು ನೋಡಿದಳು. ತಲೆವಸ್ತ್ರದ ಗಂಟು ಬಿಚ್ಚಿದಳು.

"ಕೊನೇ ದಿನ ತುತ್ತೂರಿ ಊದಿದಾಗ ಎಲ್ಲಾರೂ ಅವರವರ ಮಣ್ಣಿಂದ ಏಳ್ತಾರೆ," ಅಂದಳು. "ನಿಮ್ಮಪ್ಪ ಎಲ್ಲಿಂದ ಏಳ್ಬೇಕೇ?"

ಸುಡುವ ದಿನ ಬಾಲ್ದೊ ತನ್ನ ಪಾಲಿನ ಸೌದೆ ಹೊತ್ತು ತಂದು ಹಾಕಿದ. ಅವನಿಗೆ ಎಲ್ಲ ತಿಳಿದಿತ್ತು. ಹಿಂದಿನ ದಿನ ಮಠಕ್ಕೆ ಹೋಗಿ ಒಪ್ಪಿಕೊಳ್ಳುತ್ತೇನೆಂದು ಹೊರಟವನನ್ನು ಹೆಂಡತಿ ಬಾಗಿಲಿಗೆ ಅಡ್ಡ ಬಿದ್ದು ತಡೆದಿದ್ದಳು. ಚೀಲದಲ್ಲಿ ತಂದ ಎಲುಬನ್ನು ಸೌದೆಯ ಮೇಲೆ ಸುರಿದರು. ಸನ್ಯಾಸಿ ಜನರ ಮುಂದೆ ವಿಧವೆಯನ್ನು ಕೇಳಿದರು, ನಿನ್ನ ಗಂಡ ಓದುತ್ತಿದ್ದದ್ದು ಹೌದೇ ಎಂದು.

"ಓದ್ತಿದ್ರು ಸ್ವಾಮಿ," ಎಂದಳು ನಸ್ತಾಸಿಯ, ಚೌಕಕ್ಕೆಲ್ಲ ಕೇಳುವಂತೆ. "ಈ ಊರಲ್ಲಿ ಅವರಷ್ಟು ಚೆನ್ನಾಗಿ ಓದೋರು ಇನ್ಯಾರಿದ್ರು?"

ಬೂದಿಯನ್ನು ನದಿಗೆ ಚೆಲ್ಲಿದರು. ನಸ್ತಾಸಿಯ ಆ ಚಳಿಗಾಲ ದಾಟಲಿಲ್ಲ. ಭಾನುವಾರಗಳಲ್ಲಿ ಅವಳಿಗೆ ಹೋಗಲು ಜಾಗವಿರಲಿಲ್ಲ.

ಆಮೇಲೆ ಪೆಲ್ಲೆಗ್ರೀನ ಬಹಳ ಕಾಲ ಬದುಕಿದಳು, ಬದುಕು ಅನ್ನುವುದಾದರೆ. ಬಾಲ್ದೊ ಮತ್ತೆ ಪುಸ್ತಕ ಮುಟ್ಟಲಿಲ್ಲ. ಪ್ರತಿ ಈಸ್ಟರಿಗೂ ಅವಳು ಪಾದ್ರಿಯ ಮುಂದೆ ಮಂಡಿಯೂರುವಳು, ಸಣ್ಣಪುಟ್ಟ ಪಾಪ ಹೇಳುವಳು, ಆ ಒಂದನ್ನು ನುಂಗುವಳು. ಸುಳ್ಳನ್ನು ಒಪ್ಪಿಕೊಂಡರೆ ನಿಜದ ಹೆಸರು ಕೇಳುತ್ತಾರೆ. ಪಾಪ ಮುಚ್ಚಿಟ್ಟು ಪ್ರಸಾದ ತಿಂದವರು ತಮ್ಮ ನರಕವನ್ನೇ ತಿಂದಂತೆ ಎಂದು ಅವಳು ಪೂರಾ ನಂಬಿದ್ದಳು. ನಂಬಿಯೇ ಪ್ರಸಾದಕ್ಕೆ ಬಾಯಿ ತೆರೆಯುತ್ತಿದ್ದಳು, ವರ್ಷ ವರ್ಷವೂ. ತುತ್ತೂರಿಯ ಸದ್ದು ಕೇಳಿದರೆ, ಮದುವೆ ಮೆರವಣಿಗೆಯದೇ ಆಗಿರಲಿ, ಕಿವಿ ಮುಚ್ಚಿಕೊಳ್ಳುವಳು.

ಹಾಸಿಗೆ ಹಿಡಿದಾಗ ಹೊಸ ಪಾದ್ರಿ ಬಂದರು, ಎಳೆಯ ವಯಸ್ಸಿನ ಸೌಮ್ಯ ಮನುಷ್ಯ.

"ಹೇಳದೆ ಉಳಿದ ಪಾಪ ಏನಾದ್ರೂ ಇದೆಯೇನಮ್ಮ? ಇದೇ ಕೊನೇ ಸಲ."

ಪಕ್ಕದ ಕೋಣೆಯಲ್ಲಿ ಮುದುಕ ಬಾಲ್ದೊ ಕೆಮ್ಮಿದ. ಬಣ್ಣದ ಬಟ್ಟಲಿಗೆ ಅವನ ಕುಂಚ ತಾಗಿದ ಸದ್ದು ಕೇಳಿಸಿತು.

"ಇಲ್ಲ ಸ್ವಾಮಿ," ಎಂದಳು ಪೆಲ್ಲೆಗ್ರೀನ.

ಪಾದ್ರಿ ಅವಳ ಹಣೆಗೆ ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿದರು. ಅವಳ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಚಳಿಜ್ವರ ಇರಬೇಕು ಎಂದುಕೊಂಡು ಜೆಮ್ಮ ಇನ್ನೊಂದು ಕಂಬಳಿ ತಂದು ಹೊದಿಸಿದಳು.